ಪಂಪ್‌ಹೌಸಿನ ಟ್ರಾನ್ಸ್‌ಮಿಟರ್‌ಗಳನ್ನು ಲ್ಯಾಪ್‌ಟಾಪಿನಿಂದ ಹೊಂದಿಸುವುದು: ಎಫ್‌ಡಿಟಿ–ಡಿಟಿಎಂ ಸಮಗ್ರ ಮಾರ್ಗದರ್ಶಿ

ಕಾಳಿ, ಗಂಗಾವಳಿ, ಅಘನಾಶಿನಿ ದಂಡೆಯಲ್ಲಿ ಹೊಳೆನೀರು ಎತ್ತುವ ಬಾವಿಗಳಾದ ಜಾಕ್‌ವೆಲ್‌ಗಳಿರಲಿ, ಶಿರಸಿ ಗುಡ್ಡದ ಮೇಲಿನ ಓವರ್‌ಹೆಡ್ ಟ್ಯಾಂಕಿರಲಿ, ಒಂದೇ ಯೋಜನೆಯಲ್ಲಿ ಎಲ್ಲ ಉಪಕರಣವೂ ಒಂದೇ ಕಂಪನಿಯದ್ದಾಗಿರುವುದು ಅಪರೂಪ. ಪ್ರೆಶರ್ ಟ್ರಾನ್ಸ್‌ಮಿಟರ್ ಒಬ್ಬರದು, ರೇಡಾರ್ ಲೆವೆಲ್ ಇನ್ನೊಬ್ಬರದು, ಫ್ಲೋ ಮೀಟರ್ ಮತ್ತೊಬ್ಬರದು. ಪ್ರತಿಯೊಂದರಲ್ಲೂ ಹತ್ತಾರು, ಕೆಲವದರಲ್ಲಿ ನೂರಾರು ಪ್ಯಾರಾಮೀಟರ್‌ಗಳು. ಮುಂಭಾಗದ ಮೂರು-ನಾಲ್ಕು ಬಟನ್ ಒತ್ತುತ್ತ, ಮಳೆಯಲ್ಲಿ ಕೊಡೆ ಹಿಡಿದುಕೊಂಡು ಇವನ್ನೆಲ್ಲ ಹೊಂದಿಸುವುದು ಆಗಿಹೋಗುವ ಮಾತಲ್ಲ. ಎಫ್‌ಡಿಟಿ (ಫೀಲ್ಡ್ ಡಿವೈಸ್ ಟೂಲ್) ಹುಟ್ಟಿದ್ದೇ ಈ ತೊಂದರೆಗೆ. ಲ್ಯಾಪ್‌ಟಾಪಿನಲ್ಲಿ ಒಂದು ಚೌಕಟ್ಟಿನ ಸಾಫ್ಟ್‌ವೇರ್ ಇರುತ್ತದೆ. ಪ್ರತಿ ಉಪಕರಣಕ್ಕೂ ಅದರ ತಯಾರಕರೇ ಬರೆದುಕೊಟ್ಟ ಪ್ಲಗಿನ್ ಅದರೊಳಗೆ ಬಂದು ಕೂರುತ್ತದೆ. ಪ್ಲಗಿನ್ನಿಗೆ ಡಿಟಿಎಂ (ಡಿವೈಸ್ ಟೈಪ್ ಮ್ಯಾನೇಜರ್) ಎನ್ನುತ್ತಾರೆ. ಈ ವ್ಯವಸ್ಥೆಯ ಅಂತರರಾಷ್ಟ್ರೀಯ ಮಾನಕ ಐಇಸಿ 62453.

ಕೆಲಸಕ್ಕೆ ಇಳಿಯುವ ಮೊದಲು ಒಂದು ಸಂಗತಿ ಮನಸ್ಸಿನಲ್ಲಿ ಗಟ್ಟಿಯಾಗಿ ಕೂರಬೇಕು. ಪ್ಯಾರಾಮೀಟರ್‌ಗಳು ಎರಡು ಕಡೆ ಇರುತ್ತವೆ: ಒಂದು ನಕಲು ಉಪಕರಣದ ಒಳಗೆ, ಇನ್ನೊಂದು ನಕಲು ನಿಮ್ಮ ಲ್ಯಾಪ್‌ಟಾಪಿನ ಪ್ರಾಜೆಕ್ಟ್ ಫೈಲಿನಲ್ಲಿ. ಇವೆರಡೂ ತಾವಾಗಿಯೇ ಒಂದಾಗುವುದಿಲ್ಲ. ಪರದೆಯ ಮೇಲೆ ಕಾಣುವ ಸಂಖ್ಯೆ ಉಪಕರಣದ್ದೋ ಫೈಲಿನದ್ದೋ ಎಂದು ಗೊತ್ತಿಲ್ಲದೆ 'ಬರೆ' ಎಂದು ಒತ್ತುವುದರಿಂದಲೇ ಈ ಕೆಲಸದಲ್ಲಿ ಹೆಚ್ಚಿನ ಅನಾಹುತ ಆಗುವುದು. ಇಡೀ ಮಾರ್ಗದರ್ಶಿ ಸುತ್ತುವುದು ಇದರ ಸುತ್ತಲೇ.

ಯಾರ ಕೆಲಸ ಯಾವುದು

ಚೌಕಟ್ಟಿನ ಸಾಫ್ಟ್‌ವೇರಿಗೆ ಫ್ರೇಮ್ ಅಪ್ಲಿಕೇಶನ್ ಎಂದು ಹೆಸರು. ಪ್ಯಾಕ್ಟ್‌ವೇರ್, ಫೀಲ್ಡ್‌ಕೇರ್, ಫೀಲ್ಡ್‌ಮೇಟ್ ಇವು ಬಳಕೆಯಲ್ಲಿರುವ ಕೆಲವು. ಪ್ರಾಜೆಕ್ಟ್ ತೆರೆಯುವುದು, ಉಳಿಸುವುದು, ಯಾವ ಉಪಕರಣ ಯಾವುದರ ಕೆಳಗಿದೆ ಎಂಬ ಮರ ತೋರಿಸುವುದು, ಬಳಕೆದಾರರಿಗೆ ಅಧಿಕಾರ ಹಂಚುವುದು ಅದರ ಪಾಲು. ನಿಮ್ಮ ಟ್ರಾನ್ಸ್‌ಮಿಟರ್ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಅದೆಲ್ಲ ಗೊತ್ತಿರುವುದು ಡಿವೈಸ್ ಡಿಟಿಎಂಗೆ: ಪ್ಯಾರಾಮೀಟರ್‌ಗಳ ಪಟ್ಟಿ, ಅವುಗಳ ಮಿತಿ, ಪರದೆ, ಸಹಾಯದ ಪುಟಗಳು ಎಲ್ಲ ಅದರೊಳಗೆ. ಆದರೆ ತನ್ನ ಸಂದೇಶ ಯಾವ ತಂತಿಯಲ್ಲಿ ಹೋಗುತ್ತದೆ ಎಂಬುದು ಡಿವೈಸ್ ಡಿಟಿಎಂಗೆ ತಿಳಿಯದು. ಆ ಜವಾಬ್ದಾರಿ ಕಮ್ಯುನಿಕೇಶನ್ ಡಿಟಿಎಂನದು. ಯುಎಸ್‌ಬಿ ಮೋಡೆಮ್ಮಿನ (ಲ್ಯಾಪ್‌ಟಾಪನ್ನು ಉಪಕರಣದ ತಂತಿಗೆ ಜೋಡಿಸುವ ಸಾಧನ) ಜೊತೆ ಮಾತಾಡುವುದು ಅದು. ನಡುವೆ ಹಲವು ಉಪಕರಣಗಳ ತಂತಿ ಸೇರುವ ಮಲ್ಟಿಪ್ಲೆಕ್ಸರೋ ರಿಮೋಟ್ ಐಒ ಪೆಟ್ಟಿಗೆಯೋ ಇದ್ದರೆ ಅದಕ್ಕೊಂದು ಗೇಟ್‌ವೇ ಡಿಟಿಎಂ ಬೇಕು. ಸಂದೇಶ ಡಿವೈಸ್ ಡಿಟಿಎಂನಿಂದ ಗೇಟ್‌ವೇಗೆ, ಅಲ್ಲಿಂದ ಕಮ್ಯುನಿಕೇಶನ್ ಡಿಟಿಎಂಗೆ ಹಂತ ಹಂತವಾಗಿ ಇಳಿಯುತ್ತದೆ. ಸಂಪರ್ಕ ಸಿಗದಿದ್ದಾಗ ದೋಷ ಹುಡುಕುವುದೂ ಇದೇ ಸರಣಿಯಲ್ಲಿ, ಕೆಳಗಿನಿಂದ ಮೇಲಕ್ಕೆ.

ಆವೃತ್ತಿಗಳ ವಿಷಯ ಬೇಗ ಮುಗಿಸೋಣ. ಎಫ್‌ಡಿಟಿ 1.2 ವಿಂಡೋಸಿನ ಹಳೆಯ ಕಾಮ್ ತಂತ್ರಜ್ಞಾನದ ಮೇಲೆ ನಿಂತದ್ದು; 2012ರಲ್ಲಿ ಬಂದ ಎಫ್‌ಡಿಟಿ 2 ಡಾಟ್‌ನೆಟ್ ಮೇಲೆ; 2020ರ ಎಫ್‌ಡಿಟಿ 3 ಬ್ರೌಸರ್ ಮತ್ತು ಸರ್ವರ್ ಕಡೆಗೆ ಹೊರಳಿದೆ. ಪಂಪ್‌ಹೌಸುಗಳಲ್ಲಿ ಇರುವ ಉಪಕರಣಗಳಿಗೆ ಹೆಚ್ಚಾಗಿ 1.2ರ ಡಿಟಿಎಂಗಳೇ ಸಿಗುತ್ತವೆ. ಹೊಸ ಫ್ರೇಮಿನಲ್ಲಿ ಹಳೆಯ ಡಿಟಿಎಂ ಸಾಮಾನ್ಯವಾಗಿ ನಡೆಯುತ್ತದೆ, ಹಳೆಯ ಫ್ರೇಮಿನಲ್ಲಿ ಹೊಸ ಡಿಟಿಎಂ ನಡೆಯುವುದಿಲ್ಲ.

ಚೀಲದಲ್ಲಿ ಏನಿರಬೇಕು

ವಿಂಡೋಸ್ ಲ್ಯಾಪ್‌ಟಾಪ್, ಅದರ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್, ವಿದ್ಯುತ್ ಪ್ರತ್ಯೇಕತೆ (ಐಸೊಲೇಶನ್) ಇರುವ ಯುಎಸ್‌ಬಿ ಹಾರ್ಟ್ ಮೋಡೆಮ್ (ಹಾರ್ಟ್ ಎಂದರೆ ಉಪಕರಣಗಳ ಜೊತೆ ಮಾತಾಡುವ ಡಿಜಿಟಲ್ ಪದ್ಧತಿ), ಮಿಲಿಆಂಪ್ ಅಳೆಯುವ ಒಳ್ಳೆಯ ಮಲ್ಟಿಮೀಟರ್, ಸಣ್ಣ ಸ್ಕ್ರೂಡ್ರೈವರ್, ಅರ್ಧ ವ್ಯಾಟಿನ ಒಂದೆರಡು ರೆಸಿಸ್ಟರ್. ಪುಸ್ತಕಗಳಲ್ಲಿ 250 ಓಮ್ ಎಂದಿರುತ್ತದೆ. ಅಂಗಡಿಯಲ್ಲಿ ಅದು ಸಿಗದಿದ್ದರೆ 270 ಓಮ್ ತಂದರೂ ಸಂವಹನ ಸರಾಗವಾಗಿ ನಡೆಯುತ್ತದೆ. ಜೊತೆಗೆ ಒಣ ಬಟ್ಟೆ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ. ಉಪ್ಪುಗಾಳಿಯ ಊರುಗಳಲ್ಲಿ ಇವೆರಡು ಇಲ್ಲದೆ ಹೊರಡಬೇಡಿ.

ಸಾಫ್ಟ್‌ವೇರ್ ಎಲ್ಲವನ್ನೂ ಮನೆಯಲ್ಲೋ ಆಫೀಸಿನಲ್ಲೋ ಹಾಕಿಕೊಂಡೇ ಹೋಗಿ. ಹಳೆಯ ಡಿಟಿಎಂಗಳು ಡಾಟ್‌ನೆಟ್ ಫ್ರೇಮ್‌ವರ್ಕ್ 3.5 ಕೇಳುತ್ತವೆ. ವಿಂಡೋಸ್ 10, 11ರಲ್ಲಿ ಅದು ಚಾಲೂ ಇರುವುದಿಲ್ಲ, ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಲು ನೋಡುತ್ತದೆ. ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಯ ಟ್ಯಾಂಕಿನ ಬುಡದಲ್ಲಿ ನೆಟ್‌ವರ್ಕ್ ಸಿಗದೆ ಅಲ್ಲಿಗೇ ಕೆಲಸ ನಿಂತಿತು.

ಹೆಜ್ಜೆ 1: ಫ್ರೇಮ್, ಡಿಟಿಎಂ, ಡ್ರೈವರ್ ಅಳವಡಿಕೆ

ಅನುಕ್ರಮ ಹೀಗಿರಲಿ: ಡಾಟ್‌ನೆಟ್, ಫ್ರೇಮ್, ಕಮ್ಯುನಿಕೇಶನ್ ಡಿಟಿಎಂ, ನಂತರ ಡಿವೈಸ್ ಡಿಟಿಎಂಗಳು, ಕೊನೆಗೆ ಮೋಡೆಮ್ಮಿನ ಡ್ರೈವರ್. ಡ್ರೈವರ್ ಹಾಕಿ ಮುಗಿಯುವವರೆಗೆ ಮೋಡೆಮ್ ಚುಚ್ಚಬೇಡಿ. ಚುಚ್ಚಿದ ಮೇಲೆ ಡಿವೈಸ್ ಮ್ಯಾನೇಜರ್ ತೆರೆದು ಅದಕ್ಕೆ ಸಿಕ್ಕ ಕಾಮ್ ಪೋರ್ಟ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಅನೇಕ ಮೋಡೆಮ್‌ಗಳಿಗೆ ಲ್ಯಾಪ್‌ಟಾಪಿನ ಬೇರೆ ತೂತಿಗೆ ಹಾಕಿದರೆ ಬೇರೆ ಸಂಖ್ಯೆ ಬರುತ್ತದೆ. ಆದ್ದರಿಂದ ಒಂದು ತೂತಿಗೆ ಬಣ್ಣದ ಟೇಪ್ ಅಂಟಿಸಿ ಯಾವಾಗಲೂ ಅದನ್ನೇ ಬಳಸಿ.

ಡಿಟಿಎಂ ಹಾಕಿದ ಮಾತ್ರಕ್ಕೆ ಫ್ರೇಮಿಗೆ ಅದು ಕಾಣುವುದಿಲ್ಲ. ಡಿವೈಸ್ ಕ್ಯಾಟಲಾಗ್ ತೆರೆದು 'ಅಪ್‌ಡೇಟ್' ಕೊಡಬೇಕು. ಆಗ ಅದು ವಿಂಡೋಸಿನಲ್ಲಿ ನೋಂದಣಿಯಾದ ಡಿಟಿಎಂಗಳನ್ನೆಲ್ಲ ಹುಡುಕಿ ಪಟ್ಟಿ ಮಾಡುತ್ತದೆ. ಹಲವು ಕಂಪನಿಗಳ ಪ್ಯಾಕೇಜ್ ಇದ್ದರೆ ಸಾಕಷ್ಟು ಹೊತ್ತು ಹಿಡಿಯುತ್ತದೆ. ನಿಂತುಹೋಯಿತೆಂದು ನಡುವೆ ಮುಚ್ಚಬೇಡಿ. "ಡಿಟಿಎಂ ಹಾಕಿದ್ದೇನೆ, ಕಾಣುತ್ತಿಲ್ಲ" ಎನ್ನುವವರು ಹೆಚ್ಚಾಗಿ ಮರೆತಿರುವುದು ಈ ಅಪ್‌ಡೇಟನ್ನೇ.

ಡಿಟಿಎಂ ಆರಿಸುವಾಗ ಉಪಕರಣದ ಹೆಸರು ಮಾತ್ರ ನೋಡಿದರೆ ಸಾಲದು. ತಯಾರಕರ ಐಡಿ, ಉಪಕರಣದ ಬಗೆ, ಡಿವೈಸ್ ರಿವಿಜನ್ (ಉಪಕರಣದ ಆವೃತ್ತಿ) ಈ ಮೂರೂ ಹೊಂದಬೇಕು. ಹೊರಗಿನಿಂದ ಒಂದೇ ರೀತಿ ಕಾಣುವ ಎರಡು ಟ್ರಾನ್ಸ್‌ಮಿಟರ್‌ಗಳ ರಿವಿಜನ್ ಬೇರೆಯಾಗಿದ್ದರೆ ಒಂದರ ಡಿಟಿಎಂ ಇನ್ನೊಂದಕ್ಕೆ ಒಗ್ಗುವುದಿಲ್ಲ. ಎಲ್ಲೂ ಡಿಟಿಎಂ ಸಿಗದ ಹಳೆಯ ಉಪಕರಣಕ್ಕೆ ಜೆನೆರಿಕ್ ಹಾರ್ಟ್ ಡಿಟಿಎಂ ಇದೆ. ಟ್ಯಾಗ್ (ಉಪಕರಣದ ಗುರುತಿನ ಹೆಸರು), ರೇಂಜ್ (ಅಳತೆಯ ವ್ಯಾಪ್ತಿ), ಏರಿಳಿತ ನಯಗೊಳಿಸುವ ಡ್ಯಾಂಪಿಂಗ್‌ನಂಥ ಸಾಮಾನ್ಯ ಪ್ಯಾರಾಮೀಟರ್ ಅದರಿಂದ ಸಿಗುತ್ತವೆ, ಕಂಪನಿಯ ವಿಶೇಷ ಸೌಲಭ್ಯಗಳು ಸಿಗುವುದಿಲ್ಲ.

ಹೆಜ್ಜೆ 2: ತಂತಿ ಸರಿಯಾಗದೆ ಸಾಫ್ಟ್‌ವೇರ್ ಮುಟ್ಟಬೇಡಿ

ಹಾರ್ಟ್ ಸಂವಹನ ನಡೆಯುವುದು 4–20 ಮಿಲಿಆಂಪ್ ಲೂಪಿನ ಮೇಲೆಯೇ; ಅಳತೆ ಕನಿಷ್ಠವಿದ್ದಾಗ 4, ಗರಿಷ್ಠವಿದ್ದಾಗ 20 ಮಿಲಿಆಂಪ್ ಹರಿಯುವ ಎರಡು ತಂತಿಯ ಸುತ್ತು ಇದು. ಅದೇ ಎರಡು ತಂತಿಯಲ್ಲಿ ±0.5 ಮಿಲಿಆಂಪಿನ ಸಣ್ಣ ಅಲೆ ಏರಿಳಿಯುತ್ತದೆ. 1200 ಹರ್ಟ್ಸ್ ಎಂದರೆ 1, 2200 ಹರ್ಟ್ಸ್ ಎಂದರೆ 0. ವೇಗ ಸೆಕೆಂಡಿಗೆ 1200 ಬಿಟ್ ಮಾತ್ರ. ಈ ಅಲೆಯನ್ನು ಮೋಡೆಮ್ ಕೇಳಿಸಿಕೊಳ್ಳಬೇಕಾದರೆ ಲೂಪಿನಲ್ಲಿ ಕನಿಷ್ಠ 230 ಓಮ್ ಇರಬೇಕು. ಪವರ್ ಸಪ್ಲೈ ಈ ಅಲೆಗೆ ಶಾರ್ಟ್ ಇದ್ದಂತೆ. ರೆಸಿಸ್ಟರ್ ಇಲ್ಲದ ಲೂಪಿನಲ್ಲಿ ಎಷ್ಟು ಬಡಿದಾಡಿದರೂ ಉಪಕರಣ ಉತ್ತರಿಸುವುದಿಲ್ಲ.

ಪಿಎಲ್‌ಸಿ (ಪಂಪುಗಳನ್ನು ನಡೆಸುವ ನಿಯಂತ್ರಕ ಕಂಪ್ಯೂಟರ್) ಇನ್‌ಪುಟ್ ಕಾರ್ಡಿನೊಳಗೆ 250 ಓಮ್ ಇದ್ದರೆ ಬೇರೆ ಬೇಕಿಲ್ಲ. ಅದಕ್ಕಿಂತ ಕಡಿಮೆ ಇದ್ದರೆ, ಉಳಿದಷ್ಟನ್ನು ಸರಣಿಯಲ್ಲಿ ಸೇರಿಸಿ. ಮೋಡೆಮ್ಮಿನ ಎರಡು ಕ್ಲಿಪ್ಪನ್ನು ಟ್ರಾನ್ಸ್‌ಮಿಟರಿನ ಟರ್ಮಿನಲ್‌ಗಳಿಗೆ ಅಥವಾ ರೆಸಿಸ್ಟರಿನ ಎರಡು ತುದಿಗೆ ಹಾಕಿ, ಪವರ್ ಸಪ್ಲೈ ತುದಿಗಳಿಗೆ ಅಲ್ಲ. ಪ್ಲಸ್-ಮೈನಸ್ ಅದಲುಬದಲಾದರೆ ಚಿಂತೆಯಿಲ್ಲ.

ಈಗ ವೋಲ್ಟೇಜ್ ಲೆಕ್ಕ. ಸಪ್ಲೈ 24 ವೋಲ್ಟ್, ರೆಸಿಸ್ಟರ್ 250 ಓಮ್, ದೋಷದ ಸ್ಥಿತಿಯಲ್ಲಿ ಕರೆಂಟ್ 22 ಮಿಲಿಆಂಪ್ ಎಂದುಕೊಳ್ಳಿ. ರೆಸಿಸ್ಟರಿನಲ್ಲೇ 5.5 ವೋಲ್ಟ್ ಇಳಿಯಿತು. ಟ್ಯಾಂಕು 500 ಮೀಟರ್ ದೂರ, ಕೇಬಲ್ 0.75 ಚದರ ಮಿಲಿಮೀಟರಿನದು ಎಂದರೆ ಹೋಗಿಬರುವ ತಾಮ್ರದ ರೋಧ ಸುಮಾರು 25 ಓಮ್; ಇನ್ನೊಂದು 0.55 ವೋಲ್ಟ್. ಟ್ರಾನ್ಸ್‌ಮಿಟರಿಗೆ ಉಳಿದದ್ದು ಹತ್ತಿರಹತ್ತಿರ 18 ವೋಲ್ಟ್. ಅದರ ಡೇಟಾಶೀಟಿನಲ್ಲಿ ಕನಿಷ್ಠ ವೋಲ್ಟೇಜ್ ಎಷ್ಟಿದೆ ನೋಡಿ, 10.5ರಿಂದ 12 ಕೇಳುವವು ಸಾಮಾನ್ಯ, ಹಾಗಾಗಿ ಇಲ್ಲಿ ತೊಂದರೆಯಿಲ್ಲ. ಆದರೆ ಸೋಲಾರ್ ಪ್ಯಾನೆಲ್ಲಿನ 12 ವೋಲ್ಟ್ ಬ್ಯಾಟರಿಯಿಂದ ನಡೆಯುವ ದೂರದ ಟ್ಯಾಂಕಿನಲ್ಲಿ ಇದೇ ಲೆಕ್ಕ ಹಾಕಿದರೆ ಉಳಿಯುವುದು ಸುಮಾರು 6 ವೋಲ್ಟ್. ನೀರು ಕಡಿಮೆ ಇದ್ದಾಗ ಕರೆಂಟೂ ಕಡಿಮೆ, ಉಪಕರಣ ಹೇಗೋ ಉಸಿರಾಡುತ್ತದೆ. ಟ್ಯಾಂಕು ತುಂಬುತ್ತ ಬಂದಂತೆ ಸತ್ತುಹೋಗುತ್ತದೆ. ಅಂಥಲ್ಲಿ 24 ವೋಲ್ಟಿಗೆ ಏರಿಸುವ ಕನ್ವರ್ಟರ್ ಇಲ್ಲದೆ ಮುಂದುವರಿಯಬೇಡಿ.

ಕೆಲಸದ ಹೊತ್ತಿನಲ್ಲಿ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೇ ಇರಲಿ. ಚಾರ್ಜರ್ ಮೂಲಕ ಬರುವ ಅರ್ತಿಂಗ್ ಗದ್ದಲ, ಪಕ್ಕದಲ್ಲೇ ಓಡುವ ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಸಾಧನ) ಕೇಬಲ್ಲಿನ ಗದ್ದಲ ಎರಡೂ ಸೇರಿದರೆ ಸಂಪರ್ಕ ಸಿಕ್ಕು ಸಿಕ್ಕು ತಪ್ಪುತ್ತದೆ. ಕೇಬಲ್ಲಿನ ಶೀಲ್ಡ್ ಒಂದೇ ತುದಿಯಲ್ಲಿ, ಪ್ಯಾನೆಲ್ ಕಡೆ ಮಾತ್ರ, ಅರ್ತ್ ಆಗಿರಬೇಕು. ಸ್ಫೋಟಕ ಅನಿಲ ಇರಬಹುದಾದ ಜಾಗದಲ್ಲಿ ಆ ಜಾಗಕ್ಕೆ ಪ್ರಮಾಣೀಕೃತ ಮೋಡೆಮ್ ಇಲ್ಲದೆ ಕವರ್ ತೆಗೆಯುವುದು ಬೇಡವೇ ಬೇಡ.

ಹೆಜ್ಜೆ 3: ಪ್ರಾಜೆಕ್ಟ್ ಕಟ್ಟಿ, ಸಂಪರ್ಕ ಪಡೆಯುವುದು

ಫ್ರೇಮ್ ತೆರೆದು ಹೊಸ ಪ್ರಾಜೆಕ್ಟ್ ಮಾಡಿ. ಮರದ ಬೇರಿನಲ್ಲಿ ನಿಮ್ಮ ಲ್ಯಾಪ್‌ಟಾಪ್ ಇರುತ್ತದೆ. ಅದರ ಮೇಲೆ ಬಲಗುಂಡಿ ಒತ್ತಿ 'ಆ್ಯಡ್ ಡಿವೈಸ್', ಪಟ್ಟಿಯಲ್ಲಿ ಹಾರ್ಟ್ ಕಮ್ಯುನಿಕೇಶನ್ ಡಿಟಿಎಂ. ಅದರ ಪ್ಯಾರಾಮೀಟರ್ ಪುಟದಲ್ಲಿ ಇಂಟರ್ಫೇಸ್ ಹಾರ್ಟ್ ಮೋಡೆಮ್, ಪೋರ್ಟ್ ನೀವು ಬರೆದಿಟ್ಟುಕೊಂಡ ಕಾಮ್ ಸಂಖ್ಯೆ, ಪ್ರಿಯಾಂಬಲ್ (ಸಂದೇಶದ ಮೊದಲು ಹೋಗುವ ಎಚ್ಚರಿಕೆಯ ಬೈಟುಗಳು) 5, ಮರುಪ್ರಯತ್ನ 3, ಸ್ಕ್ಯಾನ್ ವಿಳಾಸ 0ಯಿಂದ 0. ಲೂಪಿನಲ್ಲಿ ಪಿಎಲ್‌ಸಿಯೂ ಹಾರ್ಟ್ ಮಾತಾಡುತ್ತಿದ್ದರೆ ಅದು ಪ್ರೈಮರಿ ಮಾಸ್ಟರ್. ನೀವು ಸೆಕೆಂಡರಿ ಆರಿಸಿಕೊಳ್ಳಿ. ಇಬ್ಬರೂ ಪ್ರೈಮರಿ ಆದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ.

ಕಮ್ಯುನಿಕೇಶನ್ ಡಿಟಿಎಂ ಕೆಳಗೆ ಉಪಕರಣ ಸೇರಿಸಲು ಎರಡು ದಾರಿ: ಸ್ಕ್ಯಾನ್ ಕೊಟ್ಟು ಅದೇ ಹುಡುಕಿಕೊಳ್ಳುವಂತೆ ಮಾಡುವುದು, ಅಥವಾ ಕೈಯಾರೆ ಡಿಟಿಎಂ ಆರಿಸುವುದು. ಮೊದಲ ಸಲ ಸ್ಕ್ಯಾನೇ ಒಳ್ಳೆಯದು, ರಿವಿಜನ್ ತಪ್ಪುವುದಿಲ್ಲ. ನಂತರ ಡಿವೈಸ್ ಡಿಟಿಎಂ ಮೇಲೆ 'ಕನೆಕ್ಟ್'.

ಸಿಗಲಿಲ್ಲವೇ? ಕೆಳಗಿನಿಂದ ಮೇಲಕ್ಕೆ ಹೋಗಿ. ಮಲ್ಟಿಮೀಟರ್ ಸರಣಿಯಲ್ಲಿ ಹಾಕಿ: 4ರಿಂದ 20ರ ಒಳಗೆ ಕರೆಂಟ್ ಇದೆಯೇ? ಟರ್ಮಿನಲ್ಲಿನಲ್ಲಿ ಸಾಕಷ್ಟು ವೋಲ್ಟೇಜ್ ಇದೆಯೇ? ರೆಸಿಸ್ಟರ್ ಇದೆಯೇ? ಕಾಮ್ ಪೋರ್ಟ್ ಸಂಖ್ಯೆ ಸರಿಯೇ? ಬೇರೆ ಯಾವುದಾದರೂ ಸಾಫ್ಟ್‌ವೇರ್ ಅದೇ ಪೋರ್ಟ್ ಹಿಡಿದು ಕೂತಿದೆಯೇ? ಇವೆಲ್ಲ ಸರಿಯಿದ್ದೂ ಸಿಗದಿದ್ದರೆ, ಯಾರೋ ಉಪಕರಣದ ವಿಳಾಸ ಬದಲಿಸಿರಬಹುದು. ಸ್ಕ್ಯಾನನ್ನು 0ಯಿಂದ 15ಕ್ಕೆ ವಿಸ್ತರಿಸಿ, ಹೊಸ ಹಾರ್ಟ್ ಆವೃತ್ತಿಯ ಉಪಕರಣವಾದರೆ 63ರವರೆಗೆ. ಹಾರ್ಟ್ 5ರ ಉಪಕರಣದಲ್ಲಿ ವಿಳಾಸ 0 ಅಲ್ಲದಿದ್ದರೆ ಕರೆಂಟ್ 4 ಮಿಲಿಆಂಪಿಗೆ ಅಂಟಿಕೊಂಡು ನಿಲ್ಲುತ್ತದೆ. ನೀರು ಏರಿದರೂ ಇಳಿದರೂ ಅಲುಗದ 4.00 ಕಂಡರೆ ಮೊದಲ ಅನುಮಾನ ಇದರ ಮೇಲೆ ಬರಲಿ.

ಹೆಜ್ಜೆ 4: ಮೊದಲು ಓದಿ, ಉಳಿಸಿ

ಸಂಪರ್ಕ ಸಿಕ್ಕ ಕೂಡಲೇ ಒಂದೇ ಕೆಲಸ: 'ಲೋಡ್ ಫ್ರಮ್ ಡಿವೈಸ್'. ಉಪಕರಣದೊಳಗಿನ ಎಲ್ಲ ಪ್ಯಾರಾಮೀಟರ್ ನಿಮ್ಮ ಪ್ರಾಜೆಕ್ಟಿಗೆ ಬರುತ್ತವೆ. ಕೆಲವು ಫ್ರೇಮುಗಳು ಇದನ್ನೇ ಅಪ್‌ಲೋಡ್ ಎನ್ನುತ್ತವೆ. ಉಪಕರಣಕ್ಕೆ ಬರೆಯುವುದು ಡೌನ್‌ಲೋಡ್. ಮೊಬೈಲಿನ ಅಭ್ಯಾಸದಿಂದ ಇದನ್ನು ತಿರುಗುಮುರುಗು ತಿಳಿದವರು ಖಾಲಿ ಡಿಟಿಎಂನ ಡೀಫಾಲ್ಟ್ ಬೆಲೆಗಳನ್ನು ನಡೆಯುತ್ತಿರುವ ಟ್ರಾನ್ಸ್‌ಮಿಟರಿಗೆ ಬರೆದುಬಿಡುತ್ತಾರೆ. ಎಚ್ಚರ ಬೇಕಾದದ್ದು ಇಲ್ಲೇ. ಬಟನ್ನಿನ ಬಾಣ ಯಾವ ಕಡೆಗಿದೆ ನೋಡಿ, ದೃಢೀಕರಣದ ಪೆಟ್ಟಿಗೆಯಲ್ಲಿ ಏನಿದೆ ಓದಿ, ಆಮೇಲೆ ಒತ್ತಿ.

ಪ್ರೆಶರ್ ಟ್ರಾನ್ಸ್‌ಮಿಟರ್ ಬೇಗ ಮುಗಿಯುತ್ತದೆ. ರೇಡಾರಿನಂಥದ್ದಕ್ಕೆ ಆ 1200 ಬಿಟ್ ವೇಗದಲ್ಲಿ ಹಲವು ನಿಮಿಷ ಬೇಕು. ಮುಗಿದ ಮೇಲೆ ಪ್ರಾಜೆಕ್ಟನ್ನು ಊರು, ಟ್ಯಾಗ್, ದಿನಾಂಕ ಸೇರಿಸಿದ ಹೆಸರಿನಲ್ಲಿ ಉಳಿಸಿ, ಕೊನೆಯಲ್ಲಿ 'ಮೊದಲಿನದು' ಎಂಬ ಗುರುತು ಹಾಕಿ. ಫೈಲ್ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಇಡಿ. ಹಳೆಯ ಡಿಟಿಎಂಗಳ ಜೊತೆ ಕನ್ನಡ ಲಿಪಿಯ ಹೆಸರು ನಂಬುವಂತಿಲ್ಲ. ಉಪಕರಣದೊಳಗಿನ ಟ್ಯಾಗಿಗಂತೂ ದಾರಿಯೇ ಇಲ್ಲ: ಹಾರ್ಟ್‌ನ ಚಿಕ್ಕ ಟ್ಯಾಗ್ 8 ಅಕ್ಷರ, ಇಂಗ್ಲಿಷ್ ದೊಡ್ಡಕ್ಷರ, ಅಂಕೆ ಮತ್ತು ಕೆಲವು ಚಿಹ್ನೆ ಮಾತ್ರ. ಊರಿನ ಹೆಸರು ಬರೆಯಲು 16 ಅಕ್ಷರದ ಡಿಸ್ಕ್ರಿಪ್ಟರ್, 32 ಅಕ್ಷರದ ಮೆಸೇಜ್ ಜಾಗ ಇವೆ. ಅವನ್ನು ಖಾಲಿ ಬಿಡಬೇಡಿ.

ಹೆಜ್ಜೆ 5: ಓವರ್‌ಹೆಡ್ ಟ್ಯಾಂಕಿನ ಪ್ರೆಶರ್ ಟ್ರಾನ್ಸ್‌ಮಿಟರ್ ಹೊಂದಿಸುವುದು

ಬರೆಯುವ ಮೊದಲು ಪಂಪ್ ಆಪರೇಟರಿಗೆ ಹೇಳಿ ಪಂಪನ್ನು ಆಟೋದಿಂದ ಮ್ಯಾನುಯಲ್‌ಗೆ ಹಾಕಿಸಿ. ರೇಂಜ್ ಬದಲಿಸಿದ ಕ್ಷಣವೇ ಕರೆಂಟ್ ಜಿಗಿಯುತ್ತದೆ. ಪಿಎಲ್‌ಸಿ ಅದನ್ನು ನಿಜವೆಂದು ನಂಬಿ ಪಂಪ್ ಚಾಲೂ ಮಾಡಬಹುದು, ನಿಲ್ಲಿಸಲೂಬಹುದು.

ಉದಾಹರಣೆಗೆ, ಟ್ರಾನ್ಸ್‌ಮಿಟರ್ ನೆಲದ ಹತ್ತಿರ ಇದೆ. ಅದರಿಂದ ಟ್ಯಾಂಕಿನ ತಳ 12 ಮೀಟರ್ ಮೇಲೆ. ಟ್ಯಾಂಕಿನೊಳಗೆ ನೀರಿನ ಎತ್ತರ ಗರಿಷ್ಠ 4 ಮೀಟರ್. ಒಂದು ಮೀಟರ್ ನೀರು 9.807 ಕಿಲೋಪಾಸ್ಕಲ್. ಟ್ಯಾಂಕು ಬರಿದಾದಾಗ 12 ಮೀಟರ್ ಪೈಪಿನ ನೀರೇ 117.7 ಕಿಲೋಪಾಸ್ಕಲ್ ಒತ್ತುತ್ತದೆ. ತುಂಬಿದಾಗ 16 ಮೀಟರ್, 156.9 ಕಿಲೋಪಾಸ್ಕಲ್. ಹಾಗಾಗಿ 4 ಮಿಲಿಆಂಪಿನ ಬೆಲೆ, ಅಂದರೆ ಎಲ್‌ಆರ್‌ವಿ, 117.7. ಇಪ್ಪತ್ತರ ಬೆಲೆ, ಯುಆರ್‌ವಿ, 156.9. ಕೆಳಗಿನದನ್ನು 0 ಎಂದು ಬಿಟ್ಟರೆ ಏನಾಗುತ್ತದೆ ನೋಡಿ: ಬರಿ ಟ್ಯಾಂಕಿಗೇ 16 ಮಿಲಿಆಂಪ್ ಬರುತ್ತದೆ, ಇಡೀ 4 ಮೀಟರ್ ನೀರು 16ರಿಂದ 20ರ ನಡುವೆ ಇರುಕಿಕೊಳ್ಳುತ್ತದೆ. ಪರದೆಯಲ್ಲಿ ಟ್ಯಾಂಕು ಯಾವಾಗಲೂ ಮುಕ್ಕಾಲು ತುಂಬಿದಂತೆ ಕಾಣುತ್ತದೆ, ಊರಿಗೆ ನೀರಿಲ್ಲ.

ಡಿಟಿಎಂನಲ್ಲಿ ಕ್ರಮ ಹೀಗೆ:

1. ಯುನಿಟ್ ಮೊದಲು ಆರಿಸಿ, ಬೆಲೆ ಆಮೇಲೆ. ಬೆಲೆ ಹಾಕಿ ಯುನಿಟ್ ಬದಲಿಸಿದರೆ ಡಿಟಿಎಂ ಅದನ್ನು ಪರಿವರ್ತಿಸಿಬಿಡುತ್ತದೆ.
2. ಎಲ್‌ಆರ್‌ವಿ, ಯುಆರ್‌ವಿ ಹಾಕಿ. ಸೆನ್ಸರಿನ ಮಿತಿಯೊಳಗಿದೆಯೇ ನೋಡಿ.
3. ಡ್ಯಾಂಪಿಂಗ್ ಹಾಕಿ.
4. ದೋಷದ ಕರೆಂಟ್ ಯಾವ ಕಡೆ ಎಂದು ಆರಿಸಿ.
5. ಉಪಕರಣಕ್ಕೆ ಬರೆದು, ಮತ್ತೆ ಓದಿ, 'ಕಂಪೇರ್' ಮಾಡಿ.

ಡ್ಯಾಂಪಿಂಗ್ ಬಗ್ಗೆ: 10 ಸೆಕೆಂಡ್ ಎಂದು ಹಾಕಿದರೆ, ಬದಲಾವಣೆಯ 63 ಶೇಕಡಾ ಕಾಣಲು 10 ಸೆಕೆಂಡ್, ಪೂರ್ತಿ ನೆಲೆಗೊಳ್ಳಲು ಹತ್ತಿರಹತ್ತಿರ 50 ಸೆಕೆಂಡ್. ಮಳೆಗಾಲದ ಹೊಳೆಯಲ್ಲಿ ಜಾಕ್‌ವೆಲ್ ನೀರು ಕುಣಿಯುತ್ತದೆಂದು 30 ಹಾಕಿದರೆ ಗ್ರಾಫ್ ಚೆಂದ ಕಾಣುತ್ತದೆ, ಡ್ರೈ-ರನ್ (ನೀರಿಲ್ಲದೆ ಪಂಪ್ ಓಡದಂತೆ ತಡೆಯುವ) ರಕ್ಷಣೆ ಮಾತ್ರ ತಡವಾಗುತ್ತದೆ. ಜಾಕ್‌ವೆಲ್ಲಿಗೆ 3ರಿಂದ 5 ಸಾಕು. ಓವರ್‌ಹೆಡ್ ಟ್ಯಾಂಕಿಗೆ 10 ಇದ್ದರೂ ನಡೆಯುತ್ತದೆ.

ದೋಷದ ಕರೆಂಟನ್ನು ಹೆಚ್ಚಿನವರು ಯೋಚಿಸದೆ ಬಿಡುತ್ತಾರೆ. ಉಪಕರಣ ಬಳಸುವ ಉದ್ಯಮಗಳ ಸಂಘ ನಾಮೂರಿನ ಶಿಫಾರಸು ಎನ್‌ಇ 43 ಪ್ರಕಾರ 3.8ರಿಂದ 20.5 ಮಿಲಿಆಂಪ್ ಅಳತೆಯ ವ್ಯಾಪ್ತಿ, 3.6ಕ್ಕಿಂತ ಕೆಳಗೆ ಅಥವಾ 21ಕ್ಕಿಂತ ಮೇಲೆ ಹೋದರೆ ಉಪಕರಣ ಕೆಟ್ಟಿದೆ ಎಂದರ್ಥ. ತುಂಬಿಸುವ ಟ್ಯಾಂಕಿನಲ್ಲಿ ಕೆಳಗಿನದನ್ನು ಆರಿಸಿ, ಪಿಎಲ್‌ಸಿಯಲ್ಲಿ ದೋಷದ ಪರಿಶೀಲನೆ ಬರೆಯದಿದ್ದರೆ, ಉಪಕರಣ ಕೆಟ್ಟಾಗ ಟ್ಯಾಂಕು ಬರಿದಾಗಿದೆ ಎಂದು ಪಂಪ್ ರಾತ್ರಿಯಿಡೀ ಓಡಿ ನೀರು ಗುಡ್ಡ ಇಳಿಯುತ್ತದೆ. ಅಲ್ಲಿ ಮೇಲಿನ ಕರೆಂಟ್ ಸರಿ. ಜಾಕ್‌ವೆಲ್ಲಿನಲ್ಲಿ ಕೆಳಗಿನದು ಸರಿ, ಏಕೆಂದರೆ ನೀರಿಲ್ಲವೆಂದು ಪಂಪ್ ನಿಲ್ಲುತ್ತದೆ. ಆದರೆ ತಂತಿ ಕಡಿದರೆ ನೀವು ಏನೇ ಆರಿಸಿದ್ದರೂ ಕರೆಂಟ್ ಸೊನ್ನೆಗೇ ಬೀಳುವುದು. ಆದ್ದರಿಂದ 3.6ಕ್ಕಿಂತ ಕಡಿಮೆಯಾದರೆ ದೋಷವೆಂದು ಹಿಡಿಯುವ ಸಾಲು ಪಿಎಲ್‌ಸಿಯಲ್ಲಿ ಇರಲೇಬೇಕು.

ಜೀರೋ ಟ್ರಿಮ್ ಬೇರೆ, ಎಲ್‌ಆರ್‌ವಿ ಬೇರೆ. ಟ್ರಿಮ್ ಸೆನ್ಸರಿನ ಸೊನ್ನೆಯನ್ನೇ ಸರಿಸುತ್ತದೆ. ನೆಲದ ಟ್ರಾನ್ಸ್‌ಮಿಟರಿನ ಮೇಲೆ 12 ಮೀಟರ್ ನೀರು ನಿಂತಿರುವಾಗ ಅದನ್ನು ಮಾಡಬಾರದು. ಐಸೊಲೇಶನ್ ವಾಲ್ವ್ ಮುಚ್ಚಿ, ವೆಂಟ್ ತಿರುಪು ಸಡಿಲಿಸಿ, ನೀರು ಹೋಗಿ ಒತ್ತಡ ವಾತಾವರಣಕ್ಕೆ ಸಮನಾದ ಮೇಲೆ ಮಾತ್ರ ಟ್ರಿಮ್ ಮಾಡಿ.

ಟ್ರಾನ್ಸ್‌ಮಿಟರಿಗೆ ಒತ್ತಡ ತರುವ ಪೈಪು (ಟ್ಯಾಪಿಂಗ್) ಎಲ್ಲಿಂದ ಬಂದಿದೆ ಎಂಬುದನ್ನೂ ಕಣ್ಣಾರೆ ನೋಡಿ. ಊರಿಗೆ ನೀರು ಬಿಡುವ ಪೈಪಿನಿಂದಲೇ ತೆಗೆದಿದ್ದರೆ ವಾಲ್ವ್ ತೆರೆದ ಕೂಡಲೇ ಘರ್ಷಣೆಯಿಂದ ಒತ್ತಡ ಕುಸಿದು ಮಟ್ಟ ದಿಢೀರನೆ ಇಳಿದಂತೆ ಕಾಣುತ್ತದೆ. ಇದನ್ನು ಯಾವ ಪ್ಯಾರಾಮೀಟರೂ ಸರಿಮಾಡಲಾರದು. ಟ್ಯಾಂಕಿನ ತಳದಿಂದ ಬೇರೆಯೇ ಸಣ್ಣ ಪೈಪ್ ಇಳಿಸಬೇಕು.

ಉಪ್ಪುನೀರು, ಸಿಹಿನೀರು

ಕರಾವಳಿಗೆ ಮಾತ್ರ ಇರುವ ಸಮಸ್ಯೆ ಇದು. ಒತ್ತಡದಿಂದ ಮಟ್ಟ ಅಳೆಯುವಾಗ ಸಾಂದ್ರತೆ ಲೆಕ್ಕಕ್ಕೆ ಬರುತ್ತದೆ. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಎರಡೂವರೆ ಶೇಕಡಾ ಭಾರ. ಕುಮಟಾ ಕಡೆಯ ಗಜನಿಗಳ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಸಿಗಡಿ ಕೆರೆಯಲ್ಲಿ, ನದಿ ಮುಖದ ಹತ್ತಿರದ ಬಾವಿಗಳಲ್ಲಿ ಬೇಸಗೆಗೆ ಉಪ್ಪು, ಮಳೆಗಾಲಕ್ಕೆ ಸಿಹಿ. ಅಲ್ಲಿ 4 ಮೀಟರ್ ಆಳಕ್ಕೆ 10 ಸೆಂಟಿಮೀಟರ್ ವ್ಯತ್ಯಾಸ ಋತುವಿನ ಜೊತೆಗೇ ಬಂದುಹೋಗುತ್ತದೆ. ವರ್ಷಕ್ಕೆ ಎರಡು ಸಲ ಡಿಟಿಎಂನಲ್ಲಿ ಸಾಂದ್ರತೆ ಬದಲಿಸಬಹುದು, ಆದರೆ ಯಾರಾದರೂ ಮರೆಯುತ್ತಾರೆ. ಅಷ್ಟು ನಿಖರತೆ ಬೇಕಿದ್ದರೆ ಅಲ್ಲಿ ರೇಡಾರ್ ಹಾಕುವುದೇ ಲೇಸು. ಅದಕ್ಕೆ ಸಾಂದ್ರತೆ ಲೆಕ್ಕಕ್ಕಿಲ್ಲ.

ರೇಡಾರಿನಲ್ಲಿ ಡಿಟಿಎಂ ನಿಜವಾಗಿ ಬೆಲೆ ಬಾಳುವುದು ಎಕೋ ಕರ್ವ್ (ಯಾವ ದೂರದಿಂದ ಎಷ್ಟು ಪ್ರತಿಧ್ವನಿ ಬಂತೆಂಬ ಗ್ರಾಫ್) ತೋರಿಸುವುದಕ್ಕೆ. ನೀರಿನ ಮೇಲ್ಮೈಯ ಶಿಖರದ ಜೊತೆ ಏಣಿಯ ಮೆಟ್ಟಿಲು, ಪೈಪಿನ ಅಂಚು ಕೊಡುವ ಸುಳ್ಳು ಶಿಖರಗಳೂ ಕಾಣುತ್ತವೆ. ಅವನ್ನು ಮ್ಯಾಪಿಂಗ್‌ನಿಂದ ಮರೆಮಾಡಬಹುದು. ಅದಕ್ಕೆ ಟ್ಯಾಂಕು ಆದಷ್ಟು ಬರಿದಾಗಿರಬೇಕು. ಟೇಪ್ ಇಳಿಸಿ ನೀರಿನವರೆಗಿನ ದೂರ ಅಳೆದು, ಅದಕ್ಕಿಂತ ಅರ್ಧ ಮೀಟರ್ ಮೇಲೆಯೇ ಮ್ಯಾಪಿಂಗ್ ನಿಲ್ಲಿಸಿ. ನೀರಿನ ಶಿಖರವನ್ನೂ ಮ್ಯಾಪಿಂಗ್ ಒಳಗೆ ಸೇರಿಸಿಬಿಟ್ಟರೆ ಮುಂದೆ ಅದೇ ಮಟ್ಟಕ್ಕೆ ನೀರು ಬಂದಾಗಲೆಲ್ಲ ರೇಡಾರ್ ಕುರುಡಾಗುತ್ತದೆ. ಕೆಲಸದ ಮೊದಲಿನ ಮತ್ತು ನಂತರದ ಕರ್ವ್ ಎರಡನ್ನೂ ಫೈಲಿನಲ್ಲಿ ಉಳಿಸಿ. ಮುಂದಿನ ವರ್ಷ ಆಂಟೆನಾಕ್ಕೆ ಪಾಚಿಯೋ ಜೇಡರ ಬಲೆಯೋ ಕಟ್ಟಿದೆಯೇ ಎಂದು ಹೋಲಿಸಲು ಅವು ಬೇಕು.

ಹೆಜ್ಜೆ 6: ಡಿಟಿಎಂ ಹೇಳುವ ಮಿಲಿಆಂಪನ್ನು ಮೀಟರಿನದರ ಜೊತೆ ಹೋಲಿಸಿ

ಡಿಟಿಎಂನಲ್ಲಿ ಲೂಪ್ ಟೆಸ್ಟ್ ಅಥವಾ ಸಿಮ್ಯುಲೇಶನ್ ಪುಟ ಇರುತ್ತದೆ. 4, 12, 20 ಹಾಕಿ ಪ್ರತಿಸಲವೂ ಮಲ್ಟಿಮೀಟರಿನಲ್ಲಿ, ಪಿಎಲ್‌ಸಿ ಪರದೆಯಲ್ಲಿ ಎಷ್ಟು ಬಂತು ಬರೆದುಕೊಳ್ಳಿ. ಈ ಸಣ್ಣ ಪರೀಕ್ಷೆಯಷ್ಟು ಹೇಳುವ ಪರೀಕ್ಷೆ ಬೇರೆ ಇಲ್ಲ. ಡಿಟಿಎಂ 12.00 ಎನ್ನುತ್ತದೆ, ಪ್ಯಾನೆಲ್ಲಿನಲ್ಲಿ ಮೀಟರ್ 12.30 ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಆ 0.30 ಉಪಕರಣದ ಮೂಲಕ ಹೋಗದೆ ಬೇರೆ ದಾರಿಯಲ್ಲಿ ಸೋರುತ್ತಿದೆ. ಜಂಕ್ಷನ್ ಬಾಕ್ಸ್ ತೆರೆಯಿರಿ: ಟರ್ಮಿನಲ್‌ಗಳ ನಡುವೆ ಬಿಳಿ-ಹಸಿರು ಪುಡಿ, ಕವರಿನ ರಬ್ಬರ್ ಬಿರುಕು, ಗ್ಲ್ಯಾಂಡಿನ ಕೆಳಗೆ ನೀರಿನ ಗೆರೆ. ಉಪ್ಪಿನ ತೇವ ಎರಡು ಟರ್ಮಿನಲ್ ನಡುವೆ ಒಂದು ರೋಧವೇ ಆಗಿ ಕೂತಿರುತ್ತದೆ. ಒರೆಸಿ, ಸ್ಪ್ರೇ ಹಾಕಿ, ಒಣಗಿಸಿ, ರಬ್ಬರ್ ಬದಲಿಸಿ. ಕೇಬಲ್ಲನ್ನು ಗ್ಲ್ಯಾಂಡಿಗೆ ಕೆಳಗಿನಿಂದ ಮೇಲಕ್ಕೆ ಬಳಸಿ ತನ್ನಿ, ನೀರು ಬಾಗಿದ ತುದಿಯಲ್ಲಿ ತೊಟ್ಟಿಕ್ಕಿ ಹೋಗುತ್ತದೆ.

ಇಲ್ಲಿ ದೊಡ್ಡ ತಪ್ಪು ಎಂದರೆ ಸೋರಿಕೆಯನ್ನು ಟ್ರಿಮ್ ಮಾಡಿ ಮುಚ್ಚುವುದು. ಕರೆಂಟ್ ಟ್ರಿಮ್ ಪುಟದಲ್ಲಿ 12.30 ಎಂದು ಹಾಕಿದರೆ ಅಂದಿಗೆ ಸರಿಹೋಗುತ್ತದೆ, ನವರಾತ್ರಿ ಕಳೆದು ಬಿಸಿಲು ಬಂದು ಪೆಟ್ಟಿಗೆ ಒಣಗಿದ ಮೇಲೆ ಟ್ಯಾಂಕು ಕಡಿಮೆ ತೋರಿಸಲು ಶುರುಮಾಡುತ್ತದೆ.

ಪರೀಕ್ಷೆ ಮುಗಿದ ಮೇಲೆ ಸಿಮ್ಯುಲೇಶನ್ ನಿಲ್ಲಿಸಿದ್ದೀರಾ, ಮತ್ತೊಮ್ಮೆ ನೋಡಿ. ನಿಲ್ಲಿಸದೆ ಮೋಡೆಮ್ ಕಿತ್ತುಕೊಂಡರೆ ಕೆಲವು ಉಪಕರಣಗಳು ಅದೇ ಕರೆಂಟಿನಲ್ಲಿ ನಿಂತುಬಿಡುತ್ತವೆ.

ಬರೆಯುವಾಗ ಕೈಕೊಡುವ ಕೆಲವು ಸಂಗತಿ

'ರೈಟ್ ಪ್ರೊಟೆಕ್ಟೆಡ್' ಎಂದರೆ ಉಪಕರಣದ ಕವರಿನ ಕೆಳಗೆ ಜಂಪರ್ ಇದೆಯೇ, ಇಲ್ಲವೇ ಪಿನ್ ಹಾಕಿದ್ದಾರೆಯೇ ನೋಡಿ. ಬರೆಯುವ ನಡುವೆ ಕರೆಂಟ್ ಹೋಯಿತೆಂದುಕೊಳ್ಳಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಉಳಿದರೂ ಲೂಪಿನ 24 ವೋಲ್ಟ್ ಬೀಳುತ್ತದೆ, ಅರ್ಧ ಪ್ಯಾರಾಮೀಟರ್ ಹೊಸದು ಅರ್ಧ ಹಳೆಯದು ಆಗುತ್ತದೆ. ಅಂಥ ಸ್ಥಿತಿಯಲ್ಲಿ ಪೂರ್ತಿ ಡೌನ್‌ಲೋಡನ್ನು ಮತ್ತೊಮ್ಮೆ ಮಾಡಿ, ಕಂಪೇರ್ ಮಾಡದೆ ಬಿಡಬೇಡಿ. ಪ್ಯಾನೆಲ್ ಯುಪಿಎಸ್ ಮೇಲಿಲ್ಲದಿದ್ದರೆ ಗಾಳಿಮಳೆಯ ಸಂಜೆ ಈ ಕೆಲಸ ಬೇಡ.

ಫ್ಲೋ ಅಳೆಯುವ ಡಿಫರೆನ್ಷಿಯಲ್ ಟ್ರಾನ್ಸ್‌ಮಿಟರಿನಲ್ಲಿ ವರ್ಗಮೂಲದ ಲೆಕ್ಕ ಒಂದೇ ಕಡೆ ಇರಲಿ, ಡಿಟಿಎಂನಲ್ಲೋ ಪಿಎಲ್‌ಸಿಯಲ್ಲೋ. ಎರಡೂ ಕಡೆ ಇದ್ದರೆ 25 ಶೇಕಡಾ ಒತ್ತಡಕ್ಕೆ 50ರ ಬದಲು ಸುಮಾರು 71 ಶೇಕಡಾ ಹರಿವು ತೋರಿಸುತ್ತದೆ. ಪೂರ್ಣ ಹರಿವಿನಲ್ಲಿ ಎರಡೂ ಒಂದೇ ಸಂಖ್ಯೆ ಕೊಡುವುದರಿಂದ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ.

ಫ್ರೇಮಿನಲ್ಲಿ ಬಳಕೆದಾರರ ಹಂತಗಳಿವೆ. ದಿನನಿತ್ಯ ನೋಡುವವರಿಗೆ ಆಪರೇಟರ್ ಹಂತ, ಬದಲಿಸುವವರಿಗೆ ಮೇಂಟೆನನ್ಸ್. ಎಲ್ಲರೂ ಅಡ್ಮಿನಿಸ್ಟ್ರೇಟರ್ ಆಗಿರುವ ಲ್ಯಾಪ್‌ಟಾಪ್‌ನಲ್ಲಿ ಯಾರು ಏನು ಬದಲಿಸಿದರು ಎಂಬುದು ಎಂದೂ ತಿಳಿಯುವುದಿಲ್ಲ.

ಸಿಡಿಲಿಗೆ ಸುಟ್ಟ ಉಪಕರಣದ ಬದಲಿ

ಏಪ್ರಿಲ್, ಮೇ ತಿಂಗಳ ಗುಡುಗುಮಳೆಯಲ್ಲಿ ಗುಡ್ಡದ ಮೇಲಿನ ಟ್ಯಾಂಕಿನ ಟ್ರಾನ್ಸ್‌ಮಿಟರ್ ಸುಡುವುದು ನಮ್ಮ ಕಡೆ ಹೊಸತಲ್ಲ. ಪ್ರಾಜೆಕ್ಟ್ ಫೈಲ್ ಉಳಿಸಿಕೊಂಡಿದ್ದರ ಫಲ ಸಿಗುವುದು ಆಗಲೇ. ಹೊಸ ಉಪಕರಣ ಕೂರಿಸಿ, ಹಳೆಯ ಪ್ರಾಜೆಕ್ಟ್ ತೆರೆದು ಕನೆಕ್ಟ್ ಮಾಡಿ. ಇಲ್ಲಿ ಮಾತ್ರ ಮೊದಲು ಓದಬೇಡಿ: ಓದಿದರೆ ಕಾರ್ಖಾನೆಯ ಬೆಲೆಗಳು ಬಂದು ನಿಮ್ಮ ಉಳಿಸಿದ ಪ್ರತಿಯನ್ನೇ ಅಳಿಸುತ್ತವೆ. ಮೂಲ ಫೈಲಿನ ನಕಲು ಮಾಡಿಕೊಂಡು ನಕಲಿನಲ್ಲೇ ಕೆಲಸ ಮಾಡಿ. ಬಗೆ ಮತ್ತು ರಿವಿಜನ್ ಹೊಂದಿದರೆ 'ಸ್ಟೋರ್ ಟು ಡಿವೈಸ್' ಕೊಡಿ. ರಿವಿಜನ್ ಹೊಸದಾಗಿದ್ದರೆ ಡಿಟಿಎಂ ನಿರಾಕರಿಸಬಹುದು. ಹೊಸ ಡಿಟಿಎಂ ಸೇರಿಸಿ, ಹಳೆಯದರ ಮುದ್ರಿತ ಪಟ್ಟಿ ನೋಡಿ ಕೈಯಾರೆ ತುಂಬಿಸಬೇಕಾಗುತ್ತದೆ. ಸೆನ್ಸರ್ ಟ್ರಿಮ್ ಬೆಲೆಗಳು ಆಯಾ ಸೆನ್ಸರಿಗೆ ಮಾತ್ರ ಸೇರಿದವು, ಫೈಲಿನಿಂದ ಬರುವುದಿಲ್ಲ. ಹೊಸದಕ್ಕೆ ವೆಂಟ್ ತೆರೆದು ಜೀರೋ ಟ್ರಿಮ್ ಹೊಸದಾಗಿಯೇ ಮಾಡಿ, ಮೂರು ಬಿಂದುಗಳ ಲೂಪ್ ಟೆಸ್ಟ್ ಮುಗಿಸಿ, ಪಂಪನ್ನು ಮತ್ತೆ ಆಟೋಗೆ ಹಾಕಿಸಿ.

ಪ್ರಾಜೆಕ್ಟ್ ಫೈಲ್ ಬೇರೆ ಲ್ಯಾಪ್‌ಟಾಪಿನಲ್ಲಿ ತೆರೆಯಬೇಕಾದರೆ ಅಲ್ಲಿಯೂ ಅದೇ ಡಿಟಿಎಂ ಇರಬೇಕು. ಆದ್ದರಿಂದ ಪೆನ್‌ಡ್ರೈವಿನಲ್ಲಿ ಪ್ರಾಜೆಕ್ಟ್‌ಗಳ ಪಕ್ಕದಲ್ಲೇ ಬಳಸಿದ ಫ್ರೇಮ್, ಡಿಟಿಎಂ, ಡ್ರೈವರ್‌ಗಳ ಇನ್‌ಸ್ಟಾಲರ್ ಇಡಿ. ಪ್ಯಾರಾಮೀಟರ್ ಪಟ್ಟಿಯ ಮುದ್ರಿತ ಪ್ರತಿಯೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಪ್ಯಾನೆಲ್ ಬಾಗಿಲಿನ ಒಳಮೈಗೆ ಸಿಕ್ಕಿಸಿ. ಪಟ್ಟಿಯ ಮೇಲೆ ದಿನಾಂಕ, ಡಿಟಿಎಂ ಆವೃತ್ತಿ, ಕಮ್ಯುನಿಕೇಶನ್ ಡಿಟಿಎಂ ಸೆಟ್ಟಿಂಗ್, ಲೂಪ್ ಟೆಸ್ಟಿನ ಮೂರು ಜೊತೆ ಸಂಖ್ಯೆಗಳು ಇರಲಿ.